ಕೊಟೊ ಕಲಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ವೀಣೆ ಕಲಿತವಳು ನಾನು. ಮುಂದೆ ಕೆಲಸದ ನಿಮಿತ್ತ ಜಪಾನಿಗೆ ಹೋದಾಗ ಅಲ್ಲಿ ಏಳು ವರ್ಷ ಕೊಟೊ ಅಭ್ಯಾಸ ಮಾಡಿದೆ. ಈಗ ಬೆಂಗಳೂರಿನಲ್ಲಿದ್ದೇನೆ, ಕೊಟೊ ಕೂಡ ಜೊತೆಯಲ್ಲೇ ಬಂದಿದೆ. ಮನೆಗೆ ಬಂದವರು ಗೋಡೆಯ ಪಕ್ಕದ ಆ ಉದ್ದನೆಯ ವಾದ್ಯವನ್ನು ನೋಡಿ ಕೇಳುವ ಪ್ರಶ್ನೆಗಳೂ ಟೋಕಿಯೊ ಕಡೆ ಹೊಸದಾಗಿ ಸಂಸಾರ ಹೂಡಿದ ಕನ್ನಡಿಗರು ಫೋನಿನಲ್ಲಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಬರೆದಿಟ್ಟರೆ ನಾಲ್ಕು ಜನಕ್ಕೆ ಉಪಯೋಗವಾದೀತು ಎಂದು ಇದನ್ನು ಬರೆದಿದ್ದೇನೆ.

ಕೊಟೊ ಎಂದರೆ ಎಂಥ ವಾದ್ಯ? ವೀಣೆಯ ಹಾಗಿರುತ್ತದೆಯೆ?

ತಂತಿಯನ್ನು ಮೀಟಿ ನುಡಿಸುತ್ತಾರೆ ಎಂಬುದೊಂದನ್ನು ಬಿಟ್ಟರೆ ಎರಡಕ್ಕೂ ಹೋಲಿಕೆ ಕಡಿಮೆ. ಕೊಟೊ ಸುಮಾರು 180 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಟೊಳ್ಳು ಮರ. ಕೊಡವಿಲ್ಲ, ಬುರುಡೆಯಿಲ್ಲ, ಮೆಟ್ಟಿಲುಗಳಿಲ್ಲ. ತುಸು ಉಬ್ಬಿದ ಅದರ ಬೆನ್ನಿನ ಮೇಲೆ ಉದ್ದಕ್ಕೆ 13 ತಂತಿಗಳನ್ನು ಬಿಗಿದಿರುತ್ತಾರೆ. ಹದಿಮೂರೂ ಒಂದೇ ದಪ್ಪ, ಎಲ್ಲದರ ಬಿಗಿಯೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಸ್ವರ ಬೇರೆಯಾಗುವುದು ಹೇಗೆ? ಪ್ರತಿ ತಂತಿಯ ಕೆಳಗೂ ಅದನ್ನು ಎತ್ತಿ ಹಿಡಿಯುವ ಆಸರೆ, ಅಂದರೆ ಒಂದೊಂದು ಕುದುರೆ ಇದೆ. ಜಪಾನೀಯರು ಅದನ್ನು ‘ಜಿ’ ಎನ್ನುತ್ತಾರೆ. ಅದನ್ನು ಅಂಟಿಸಿರುವುದಿಲ್ಲ, ಮೊಳೆ ಹೊಡೆದಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ಅದು ನಿಂತಿರುತ್ತದೆ. ಬಲಕ್ಕೆ ಸರಿಸಿದರೆ ಸ್ವರ ಏರುತ್ತದೆ, ಎಡಕ್ಕೆ ಸರಿಸಿದರೆ ಇಳಿಯುತ್ತದೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಕೊಡುವವರು ವೀಣೆ ಮಾಡುವ ಕುಶಲಕರ್ಮಿಗಳು. ಕೊಟೊದಲ್ಲಿ ಸ್ವರಸ್ಥಾನ ಕೂರಿಸುವವರು ನೀವೇ, ಅದೂ ದಿನದಿನವೂ. ಕೊಟೊ ಕಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಮುಂದಿನ ಉತ್ತರಗಳಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಮರ ‘ಕಿರಿ’ ಎಂಬ ಜಾತಿಯದು. ತೀರಾ ಹಗುರವಾದ್ದರಿಂದ ಇಷ್ಟುದ್ದದ ವಾದ್ಯವನ್ನು ಒಬ್ಬರೇ ಎತ್ತಬಹುದು. ವಾದ್ಯವನ್ನು ಮಲಗಿದ ಡ್ರ್ಯಾಗನ್ ಎಂದು ಭಾವಿಸಿ ಭಾಗಗಳಿಗೆ ಹೆಸರಿಟ್ಟಿದ್ದಾರೆ. ನುಡಿಸುವವರ ಬಲಗಡೆ ಡ್ರ್ಯಾಗನ್ನಿನ ತಲೆ, ಎಡಗಡೆ ಬಾಲ, ಬಲತುದಿಯ ಸ್ಥಿರ ಕುದುರೆ ಅದರ ಕೊಂಬು. ಕೊಟೊ ತಯಾರಿಕೆಗೆ ಹೆಸರಾದ ಊರು ಹಿರೊಶಿಮಾ ಪ್ರಾಂತ್ಯದ ಫುಕುಯಾಮಾ.

ಜಪಾನಿನ ಸರಸ್ವತಿಯ ಕೈಯಲ್ಲಿರುವುದು ಇದೇ ವಾದ್ಯವೆ?

ಅಲ್ಲ, ಅದು ಬಿವಾ ಎಂಬ ಬೇರೊಂದು ತಂತಿವಾದ್ಯ. ಜಪಾನೀಯರು ಬೆಂಜಾಇತೆನ್ ಎಂದು ಪೂಜಿಸುವವಳು ನಮ್ಮ ಸರಸ್ವತಿಯೇ. ಬೌದ್ಧ ಗ್ರಂಥಗಳೊಂದಿಗೆ ಚೀನಾ ದಾಟಿ ಅಲ್ಲಿಗೆ ಹೋದವಳು, ಅಲ್ಲಿ ವೀಣೆಯ ಬದಲು ಬಿವಾ ಹಿಡಿದಳು. ಶಿಗಾ ಪ್ರಾಂತ್ಯದ ಬಿವಾ ಸರೋವರದ ನಡುವೆ, ಚಿಕುಬು ದ್ವೀಪದಲ್ಲಿ, ಅವಳ ಪ್ರಸಿದ್ಧ ಗುಡಿಯಿದೆ. ಅದೇ ಸರೋವರದ ಉತ್ತರಕ್ಕೆ, ಕಿನೊಮೊತೊ ಸುತ್ತಿನ ಹಳ್ಳಿಗಳಲ್ಲಿ, ವಾದ್ಯಗಳಿಗೆ ಬೇಕಾದ ರೇಷ್ಮೆ ನೂಲು ತೆಗೆದು ತಂತಿ ಹೊಸೆಯುತ್ತಾರೆ. ಶಾಮಿಸೆನ್ ಎಂಬ ಇನ್ನೊಂದು ವಾದ್ಯದ ರೇಷ್ಮೆ ತಂತಿಗೆ ಹಳದಿ ಬಣ್ಣ ಬರುವುದು ಅರಿಶಿನದಿಂದ. ಅದನ್ನು ತಿಳಿದ ದಿನ ನನಗೆ ಆ ತಂತಿ ನಮ್ಮ ಮನೆಯದೇ ಅನ್ನಿಸಿತ್ತು.

ನಮ್ಮ ಬುಲ್‌ಬುಲ್ ತರಂಗ್ ಜಪಾನಿನದು ಎನ್ನುತ್ತಾರೆ. ಅದೂ ಕೊಟೊವೇ?

ಜಪಾನಿನಿಂದ ಬಂದದ್ದು ನಿಜ, ಆದರೆ ಅದು ಕೊಟೊ ಅಲ್ಲ. 1912ರಲ್ಲಿ ನಗೋಯಾದ ಮೊರಿತಾ ಗೊರೊ ಎಂಬುವರು ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ನುಡಿಸುವ ಪುಟ್ಟ ವಾದ್ಯವೊಂದನ್ನು ಮಾಡಿದರು. ಅದು ತೈಶೋ ದೊರೆಯ ಕಾಲ ಆರಂಭವಾದ ವರ್ಷವಾದ್ದರಿಂದ ವಾದ್ಯಕ್ಕೆ ತೈಶೋಗೊತೊ ಎಂದು ಹೆಸರಾಯಿತು. ಅದೇ ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು. ಹೆಸರಿನಲ್ಲಿ ‘ಕೊಟೊ’ ಇದ್ದರೂ ಎರಡನ್ನೂ ನುಡಿಸುವ ರೀತಿ ಪೂರ್ತಿ ಬೇರೆ. ಮನೆಯಲ್ಲಿ ಅಜ್ಜನ ಕಾಲದ ಬುಲ್‌ಬುಲ್ ಇದ್ದರೆ ಎಸೆಯಬೇಡಿ, ಅದರದೂ ನೂರು ವರ್ಷದ ಕಥೆ.

ಹೊಸಬರು ಕೊಟೊ ಹಿಡಿಯಬೇಕೋ ಶಾಮಿಸೆನ್ ಹಿಡಿಯಬೇಕೋ?

ನಿಮ್ಮ ಕಿವಿ ಯಾವುದರ ಕಡೆ ವಾಲುತ್ತದೋ ಅದನ್ನು ಹಿಡಿಯಿರಿ. ಶಾಮಿಸೆನ್‌ಗೆ ಮೂರೇ ತಂತಿ. ಬೀಸಣಿಗೆಯಂತೆ ಅಗಲವಾದ ‘ಬಾಚಿ’ಯಿಂದ ತಂತಿಯನ್ನೂ ಅದರ ಕೆಳಗಿನ ಚರ್ಮವನ್ನೂ ಒಟ್ಟಿಗೆ ಹೊಡೆಯುತ್ತಾರೆ. ಕಬುಕಿ ನಾಟಕ ಮತ್ತು ಬುನ್ರಾಕು ಬೊಂಬೆಯಾಟದ ರಂಗದಲ್ಲಿ ಮೊಳಗುವುದು ಅದರ ನಾದವೇ. ಅದಕ್ಕೂ ಮೆಟ್ಟಿಲುಗಳಿಲ್ಲ. ಎಡಗೈ ಸ್ವರಸ್ಥಾನವನ್ನು ತಾನೇ ಹುಡುಕಿಕೊಳ್ಳಬೇಕಾದ್ದರಿಂದ ಮೊದಲ ಆರು ತಿಂಗಳು ಕಷ್ಟ. ಅದಕ್ಕೆ ಹೊದಿಸುತ್ತಿದ್ದದ್ದು ಬೆಕ್ಕಿನ ಅಥವಾ ನಾಯಿಯ ಚರ್ಮ ಎಂಬುದನ್ನೂ ಹೇಳಲೇಬೇಕು. ಈಗ ಕೃತಕ ಚರ್ಮದ ಶಾಮಿಸೆನ್‌ಗಳು ಸಿಗುತ್ತವೆ, ಮನಸ್ಸು ಒಪ್ಪದವರು ಅದನ್ನೇ ಕೇಳಿ ತೆಗೆದುಕೊಳ್ಳಿ. ಕೊಟೊದಲ್ಲಿ ಶ್ರುತಿ ಕೂಡಿಸಿಕೊಂಡರೆ ಮೊದಲ ದಿನವೇ ಶುದ್ಧವಾದ ಸ್ವರ ಬರುತ್ತದೆ. ಕಷ್ಟ ಆಮೇಲೆ ಬರುತ್ತದೆ, ಎಡಗೈಯ ಕೆಲಸ ಶುರುವಾದಾಗ. ಕೊಟೊ ಕಲಿಸುವ ಅನೇಕ ಗುರುಗಳು ಶಾಮಿಸೆನ್ನನ್ನೂ ಬಲ್ಲವರು. ಕೆಲವು ವರ್ಷಗಳ ನಂತರ ಎರಡನೆಯದನ್ನು ಅವರೇ ಕೈಗಿಡುವುದೂ ಉಂಟು.

ನನಗೆ ವಯಸ್ಸಾಯಿತು, ಸಂಗೀತದ ಗಂಧವೂ ಇಲ್ಲ. ಕಲಿಯಬಹುದೆ?

ಕಲಿಯಬಹುದು. 2002ರಿಂದ ಜಪಾನಿನ ಮಾಧ್ಯಮಿಕ ಶಾಲೆಗಳ ಮಕ್ಕಳು ಮೂರು ವರ್ಷಗಳಲ್ಲಿ ಒಂದಾದರೂ ದೇಶೀಯ ವಾದ್ಯವನ್ನು ಮುಟ್ಟಿ ನೋಡಬೇಕೆಂಬ ನಿಯಮವಿದೆ. ಅದಕ್ಕೆ ಎಷ್ಟೋ ಶಾಲೆಗಳು ಆರಿಸಿಕೊಳ್ಳುವುದು ಕೊಟೊವನ್ನೇ. ನನ್ನ ಜೊತೆ ಪಾಠಕ್ಕೆ ಬರುತ್ತಿದ್ದ ಮಹಿಳೆಯೊಬ್ಬರು ಅರವತ್ತೆರಡನೆಯ ವಯಸ್ಸಿನಲ್ಲಿ, ಕೆಲಸದಿಂದ ನಿವೃತ್ತರಾದ ಮರುವಾರವೇ ಸೇರಿದವರು. ಜಪಾನಿ ಭಾಷೆ ಚೆನ್ನಾಗಿ ಬಾರದಿದ್ದರೂ ನಡೆಯುತ್ತದೆ. ಗುರುಗಳು ನುಡಿಸುವುದನ್ನು ನೋಡಿ ಕೇಳಿ ಕಲಿಯುವ ವಿದ್ಯೆ ಇದು, ನಮ್ಮ ಸಂಗೀತದ ಹಾಗೆಯೇ.

ಇಕುತಾ, ಯಮಾದಾ ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಇವು ಎರಡು ದೊಡ್ಡ ಸಂಪ್ರದಾಯಗಳು. ಇಕುತಾ ಕೆಂಗ್ಯೊ (1656–1715) ಕ್ಯೋಟೊದವರು. ಯಮಾದಾ ಕೆಂಗ್ಯೊ (1757–1817) ಎದೊದವರು, ಅಂದರೆ ಇಂದಿನ ಟೋಕಿಯೊದವರು. ಕೆಂಗ್ಯೊ ಎಂಬುದು ಹೆಸರಲ್ಲ, ದೃಷ್ಟಿಹೀನ ಸಂಗೀತಗಾರರ ಸಂಘದಲ್ಲಿ ಅತಿ ಎತ್ತರದ ಪದವಿ. ಆ ಸಂಘವನ್ನು 1871ರಲ್ಲಿ ಸರ್ಕಾರ ರದ್ದು ಮಾಡುವವರೆಗೆ ಕೊಟೊ ವಿದ್ಯೆಯ ಬಹುಪಾಲು ಕಣ್ಣಿಲ್ಲದ ಗುರುಗಳ ಬೆರಳುಗಳಲ್ಲಿ, ನೆನಪಿನಲ್ಲಿ ಬದುಕಿತ್ತು.

ಕಲಿಯುವವರಿಗೆ ತಕ್ಷಣ ಕಾಣುವ ವ್ಯತ್ಯಾಸ, ಮೀಟಲು ಬೆರಳಿಗೆ ತೊಡುವ ಉಗುರಿನಲ್ಲಿದೆ. ಇಕುತಾದವರ ಉಗುರು ಚೌಕ. ಅದರ ಮೂಲೆಯಿಂದ ಮೀಟಬೇಕಾದ್ದರಿಂದ ವಾದ್ಯಕ್ಕೆ ಓರೆಯಾಗಿ ಕೂರುತ್ತಾರೆ. ಯಮಾದಾದವರ ಉಗುರಿನ ತುದಿ ದುಂಡಗೆ, ಅವರು ನೇರವಾಗಿ ಕೂರುತ್ತಾರೆ. ಯಮಾದಾದಲ್ಲಿ ಹಾಡಿಗೆ ಒತ್ತು ಹೆಚ್ಚು. ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಹತ್ತಿರದಲ್ಲಿ ಒಳ್ಳೆಯ ಗುರು ಯಾವ ಸಂಪ್ರದಾಯದವರೋ ಅದೇ ನಿಮ್ಮ ಸಂಪ್ರದಾಯ. ಉಗುರನ್ನು ಮಾತ್ರ ಗುರು ಸಿಗುವ ಮೊದಲು ಕೊಳ್ಳಬೇಡಿ.

ಮೊದಲ ಪಾಠದಲ್ಲಿ ಏನು ಕಲಿಸುತ್ತಾರೆ?

ಎಲ್ಲರೂ ಒಂದೇ ರೀತಿ ಕಲಿಸುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ಸೈತಾಮಾದ ಒಂದು ಸಣ್ಣ ಮನೆ, ಆರು ಚಾಪೆಯ ಕೋಣೆ. ಸೆನ್ಸೇಗೆ, ಅಂದರೆ ನನ್ನ ಗುರುಗಳಿಗೆ, ಎಪ್ಪತ್ತು ದಾಟಿತ್ತು. ವಾದ್ಯದ ಮೇಲೆ ಒಂದು ಜಿ ಕೂಡ ಇರಲಿಲ್ಲ. ಹದಿಮೂರು ತಂತಿಗಳು ಮರಕ್ಕೆ ಅಂಟಿದಂತೆ ಸಪ್ಪಗೆ ಮಲಗಿದ್ದವು. ಸೆನ್ಸೇ ಬಟ್ಟೆಯ ಚೀಲದಿಂದ ಒಂದು ಜಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆರಳುದ್ದದ ಬಿಳಿ ಪ್ಲಾಸ್ಟಿಕ್, ಕಾಲು ಅಗಲಿಸಿ ನಿಂತ ಮನುಷ್ಯನ ಆಕಾರ, ತಲೆಯ ಮೇಲೆ ತಂತಿ ಕೂರಲು ಒಂದು ಸಣ್ಣ ಗೀರು. ಎಡಗೈಯಿಂದ ತಂತಿಯನ್ನು ಎತ್ತಿ, ಬಲಗೈಯಿಂದ ಜಿಯನ್ನು ಒಳಗೆ ತೂರಿಸಿ, ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಮೆಲ್ಲಗೆ ಬಿಡಬೇಕು. ಆ ಕ್ಷಣದಲ್ಲಿ ಅದುವರೆಗೆ ಸತ್ತಂತಿದ್ದ ತಂತಿಗೆ ದನಿ ಬರುತ್ತದೆ. ನನಗೆ ಮೈ ಜುಮ್ಮೆಂದಿತು.

ಹನ್ನೆರಡು ನಿಂತವು. ಹದಿಮೂರನೆಯದು, ನಮಗೆ ತೀರಾ ಹತ್ತಿರದ ಅಂಚಿನ ತಂತಿಯದು, ಜಾರಿ ಬಿತ್ತು. ತಂತಿ ಮರಕ್ಕೆ ಬಡಿದ ಸದ್ದಿಗೆ ನಾನು ಬೆಚ್ಚಿಬಿದ್ದೆ. ಸೆನ್ಸೇ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ಬೀಳುತ್ತದೆ. ಎತ್ತಿ ನಿಲ್ಲಿಸು’ ಎಂದರು. ಆ ತಂತಿಯ ಜಿ ಮಾತ್ರ ಬೇರೆ ಆಕಾರದ್ದು, ವಾದ್ಯದ ಅಂಚನ್ನು ಹಿಡಿದುಕೊಳ್ಳುವಂಥ ಕಾಲು ಅದಕ್ಕಿದೆ ಎಂಬುದು ನನಗೆ ತಿಳಿದದ್ದು ಆಗ. ಆ ಒಂದು ಗಂಟೆ ಪೂರ್ತಿ ಇದೇ ಆಯಿತು. ಉಗುರನ್ನು ಬೆರಳಿಗೆ ಹಾಕಲೇ ಇಲ್ಲ. ಈಗ ಯಾರಾದರೂ ಕೇಳಿದರೆ ನಾನೂ ಇದನ್ನೇ ಮೊದಲು ಹೇಳುತ್ತೇನೆ. ಬೇರೆಯವರು ಶ್ರುತಿ ಮಾಡಿಟ್ಟ ಕೊಟೊದ ಮುಂದೆ ಹೋಗಿ ಕೂರುವ ಅಭ್ಯಾಸ ಮಾಡಿಕೊಳ್ಳಬೇಡಿ.

ಶ್ರುತಿ ಮಾಡುವುದು ಹೇಗೆ? ಯಾವ ಸ್ವರಗಳು?

ಮೊದಲು ಕಲಿಸುವ ಶ್ರುತಿಯ ಹೆಸರು ಹಿರಾಜೋಶಿ. ಪಾಶ್ಚಾತ್ಯ ಲೆಕ್ಕದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ ಡಿ, ಜಿ, ಎ, ಬಿ ಫ್ಲ್ಯಾಟ್, ಡಿ, ಇ ಫ್ಲ್ಯಾಟ್ ಎಂದು ಹೋಗುತ್ತದೆ (ಇಲ್ಲಿನ ಜಿ ಸ್ವರದ ಹೆಸರು, ಕುದುರೆಯಲ್ಲ). ಆದರೆ ಸರಿಗಮ ಬಲ್ಲವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಡಿ ಸ್ವರವನ್ನು ಷಡ್ಜ ಎಂದುಕೊಳ್ಳಿ. ನಮ್ಮಿಂದ ದೂರದಲ್ಲಿರುವುದು ಒಂದನೆಯ ತಂತಿ, ಅದು ಮಧ್ಯ ಷಡ್ಜ. ಎರಡು, ಮೂರು, ನಾಲ್ಕು ಮಂದ್ರದ ಮ, ಪ, ದ. ಐದರಿಂದ ಒಂಬತ್ತು ಮಧ್ಯಸ್ಥಾಯಿಯ ಸ, ರಿ, ಮ, ಪ, ದ. ಹತ್ತರಿಂದ ಹದಿಮೂರು ತಾರದ ಸ, ರಿ, ಮ, ಪ. ರಿಷಭ, ಮಧ್ಯಮ, ಧೈವತ ಮೂರೂ ಶುದ್ಧ. ಗಾಂಧಾರ, ನಿಷಾದಗಳಿಲ್ಲ.

ಹೊಸಬರು ಎಡವುವ ಜಾಗ ಒಂದಿದೆ. ಒಂದನೆಯ ತಂತಿಯೇ ಎಲ್ಲಕ್ಕಿಂತ ತಗ್ಗಿನ ಸ್ವರ ಎಂದುಕೊಳ್ಳುತ್ತಾರೆ. ಅಲ್ಲ, ಒಂದು ಮತ್ತು ಐದು ಒಂದೇ ಸ್ವರ, ತಗ್ಗಿನದು ಎರಡನೆಯದು. ಹಾಗಾಗಿ ಎರಡನೆಯ ತಂತಿಯ ಜಿ ಎಡಕ್ಕೆ ಬಹುದೂರ ಇರುತ್ತದೆ, ಅಲ್ಲಿಂದ ಉಳಿದವು ಓರೆಯಾಗಿ ಬಲಕ್ಕೆ ಸಾಲುಗಟ್ಟುತ್ತವೆ, ಒಂದನೆಯದು ಮಾತ್ರ ಸಾಲು ತಪ್ಪಿ ನಿಂತಂತೆ ಕಾಣುತ್ತದೆ. ಈ ಓರೆ ಸಾಲನ್ನು ಜಪಾನಿನ ಕವಿಗಳು ಆಕಾಶದಲ್ಲಿ ಹಾರುವ ಹೆಬ್ಬಾತುಗಳಿಗೆ ಹೋಲಿಸಿದ್ದಾರೆ. ಕನಜಾವಾದ ಕೆನ್‌ರೊಕು ಉದ್ಯಾನಕ್ಕೆ ಹೋದವರು ಕೊಳದ ಅಂಚಿನ ಎರಡು ಕಾಲಿನ ಕಲ್ಲಿನ ದೀಪವನ್ನು ನೋಡಿರುತ್ತೀರಿ. ಅದಕ್ಕೆ ಹೆಸರು ಬಂದದ್ದೂ ಕೊಟೊದ ಜಿಯಿಂದಲೇ.

ಮೊಬೈಲಿನ ಟ್ಯೂನರ್ ಬಳಸಿದರೆ ತಪ್ಪೇನಿಲ್ಲ. ನನ್ನ ಸಲಹೆ ಇಷ್ಟೇ: ಐದನೆಯ ತಂತಿಯನ್ನು ಮಾತ್ರ ಯಂತ್ರಕ್ಕೆ ಕೂಡಿಸಿ, ಉಳಿದವನ್ನು ಕಿವಿಯಿಂದ ಕೂಡಿಸಿ. ಸ–ಪ, ಸ–ಮ, ಮೇಲಿನ ಸ ಹೊಂದಿಸಿಕೊಂಡು, ಕೊನೆಗೆ ರಿ ಮತ್ತು ದ. ಆಮೇಲೆ ಬೇಕಾದರೆ ಯಂತ್ರಕ್ಕೆ ತೋರಿಸಿ ಸರಿನೋಡಿ. ಮೊದಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಒಂದು ವರ್ಷದಲ್ಲಿ ಮೂರು ನಿಮಿಷಕ್ಕೆ ಇಳಿಯುತ್ತದೆ. ಆ ಇಪ್ಪತ್ತು ನಿಮಿಷವನ್ನು ವ್ಯರ್ಥವೆಂದು ಭಾವಿಸಬೇಡಿ, ಪಾಠ ಅಲ್ಲಿಂದಲೇ ಶುರುವಾಗಿರುತ್ತದೆ.

ಹಾಗಾದರೆ ಇದು ನಮ್ಮ ಯಾವುದೋ ರಾಗವೇ ಅಲ್ಲವೆ?

ಸ್ವರಗಳ ಲೆಕ್ಕದಲ್ಲಿ ಹೌದು. ಸ ರಿ ಮ ಪ ದ, ಮೂರೂ ಶುದ್ಧ ಎಂದರೆ ಕರ್ನಾಟಕ ಸಂಗೀತದಲ್ಲಿ ಕನಕಾಂಗಿಯ ಜನ್ಯವಾದ ಕರ್ನಾಟಕ ಶುದ್ಧ ಸಾವೇರಿ, ಹಿಂದೂಸ್ತಾನಿಯಲ್ಲಿ ಗುಣಕ್ರಿ. ಧಾರವಾಡದ ಕಡೆಯ ಗೆಳತಿಯೊಬ್ಬಳು ನನ್ನ ಕೊಟೊದ ಬಿಡಿ ತಂತಿಗಳನ್ನು ಕೇಳಿದೊಡನೆ ಗುಣಕ್ರಿ ಎಂದುಬಿಟ್ಟಳು. ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ ಎಂಬುದು ನಮಗೆ ಗೊತ್ತೇ ಇದೆ. ಕೊಟೊದ ಕೃತಿಗಳು ಷಡ್ಜಕ್ಕೇ ಮರಳಬೇಕೆಂದಿಲ್ಲ. ಎಷ್ಟೋ ಸಲ ನಮ್ಮ ಕಿವಿಗೆ ಪಂಚಮ ಎನ್ನಿಸುವ ಕಡೆ ಅವು ನೆಲೆ ನಿಲ್ಲುತ್ತವೆ. ಹಿಂದೆ ತಂಬೂರಿ ಇಲ್ಲ. ಮೊದಲ ವರ್ಷ ನಾನು ಮನಸ್ಸಿನಲ್ಲೇ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೇಳುತ್ತಿದ್ದೆ. ಅದನ್ನು ಆರಿಸಿದ ಮೇಲೆಯೇ ಆ ಸಂಗೀತ ನನಗೆ ತೆರೆದುಕೊಂಡದ್ದು.

ಇನ್ನೂ ಹಲವು ಶ್ರುತಿಗಳಿವೆ. ಹಿರಾಜೋಶಿಯ ಪಂಚಮಗಳನ್ನು ಅರ್ಧ ಸ್ವರ ಇಳಿಸಿ, ಧೈವತಗಳನ್ನು ಒಂದು ಸ್ವರ ಏರಿಸಿದರೆ ಕುಮೊಇಜೋಶಿ. ಕೆಲವು ಕೃತಿಗಳಲ್ಲಿ ನುಡಿಸುತ್ತಿರುವಾಗಲೇ ಎಡಗೈಯಿಂದ ಜಿ ಸರಿಸಿ ಶ್ರುತಿ ಬದಲಿಸಬೇಕಾಗುತ್ತದೆ.

ಉಗುರು ಹೇಗೆ ಹಾಕಿಕೊಳ್ಳುವುದು? ಕೈಯ ಉಗುರಿನಿಂದಲೇ ನುಡಿಸಬಾರದೆ?

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ‘ತ್ಸುಮೆ’ ಎಂಬ ಉಗುರುಗಳು. ಹಿಂದೆ ಆನೆಯ ದಂತದವು, ಈಗ ಕಲಿಯುವವರಿಗೆ ಪ್ಲಾಸ್ಟಿಕ್ ಸಾಕು. ಚರ್ಮದ ಉಂಗುರ ನಿಮ್ಮ ಬೆರಳಿನ ಅಳತೆಗೇ ಇರಬೇಕು. ಸಡಿಲವಾದರೆ ಮೀಟುವಾಗ ತಿರುಗುತ್ತದೆ. ಬೆರಳಿನ ಬೆನ್ನಿಗಲ್ಲ, ಒಳಮೈ ಕಡೆಗೆ ಬರುವಂತೆ ಹಾಕಬೇಕು. ನುಡಿಸುವ ಮುನ್ನ ಉಂಗುರದ ಒಳಭಾಗವನ್ನು ತುಸು ತೇವ ಮಾಡಿಕೊಂಡರೆ ಅಂಟಿಕೊಂಡಂತೆ ನಿಲ್ಲುತ್ತದೆ.

ಮುಕ್ಕಾಲು ಪಾಲು ಕೆಲಸ ಹೆಬ್ಬೆರಳಿನದು. ಅದು ತಂತಿಯನ್ನು ನಮ್ಮಿಂದ ಆಚೆಗೆ ತಳ್ಳಿ ಮೀಟಿ, ಮುಂದಿನ ತಂತಿಯ ಮೇಲೆ ಒರಗಿ ನಿಲ್ಲಬೇಕು. ಹೊಸಬರು ಮೀಟಿದೊಡನೆ ಕೈಯನ್ನು ಗಾಳಿಗೆ ಎತ್ತಿಬಿಡುತ್ತಾರೆ, ಆಗ ನಾದ ತೆಳ್ಳಗಾಗುತ್ತದೆ. ಬಲತುದಿಯ ಸ್ಥಿರ ಕುದುರೆಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಮೀಟಿ. ಎಡಗೈಯಿಂದ ಉಗುರಿಲ್ಲದೆ ಮೀಟುವುದೂ ಇದೆ, ಹೊಸ ಕಾಲದ ಕೃತಿಗಳಲ್ಲಿ ಅದು ಹೆಚ್ಚು.

ಕೊಟೊದಲ್ಲಿ ಗಮಕ ಇದೆಯೆ?

ಇದೆ. ಎಡಗೈ ಇರುವುದೇ ಅದಕ್ಕೆ. ಬಲಗೈ ಮೀಟಿದ ತಂತಿಯನ್ನು ಜಿಯ ಎಡಗಡೆ ಒಂದು ಗೇಣಿನೊಳಗೆ ಒತ್ತಿದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ. ಇದಕ್ಕೆ ಓಶಿದೆ ಎಂದು ಹೆಸರು. ಹಗುರವಾಗಿ ಒತ್ತಿದರೆ ಅರ್ಧ ಸ್ವರ, ಬಲವಾಗಿ ಒತ್ತಿದರೆ ಒಂದು ಸ್ವರ. ಬಿಡಿ ತಂತಿಗಳಲ್ಲಿ ಇಲ್ಲದ ಗಾಂಧಾರ, ನಿಷಾದಗಳು ಹುಟ್ಟುವುದು ಹೀಗೆ. ಎಷ್ಟು ಒತ್ತಬೇಕು ಎಂಬುದಕ್ಕೆ ಗುರುತಿಲ್ಲ, ಗೆರೆಯಿಲ್ಲ, ಕಿವಿಯೇ ಹೇಳಬೇಕು. ಮೀಟಿದ ಮೇಲೆ ಒತ್ತಿ ಸ್ವರವನ್ನು ಮೇಲಕ್ಕೆ ಜಾರಿಸುವುದು ಇನ್ನೊಂದು ಬಗೆ, ಒತ್ತಿ ಬಿಟ್ಟು ಕಂಪಿಸುವುದು ಮತ್ತೊಂದು. ನನಗೆ ತುಂಬ ಪ್ರಿಯವಾದದ್ದು ಹಿಕಿ-ಇರೊ. ಮೀಟಿದ ತಕ್ಷಣ ಜಿಯ ಎಡಗಡೆಯ ತಂತಿಯನ್ನು ಹಿಡಿದು ಬಲಕ್ಕೆ ಎಳೆದು ಬಿಡುತ್ತಾರೆ. ಸ್ವರ ಒಂದು ಕೂದಲೆಳೆಯಷ್ಟು ಇಳಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸ್ವರವೇ ನಿಟ್ಟುಸಿರು ಬಿಟ್ಟಂತೆ.

ವೀಣೆ ಕಲಿತವರಿಗೆ ಇಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. ಕಿವಿ ಸಿದ್ಧವಾಗಿರುತ್ತದೆ, ಆದರೆ ಕೈ ಸುಮ್ಮನಿರುವುದಿಲ್ಲ. ಹೇಳದ ಕಡೆಯೆಲ್ಲ ನಾನು ಕಂಪಿತ ಹಾಕುತ್ತಿದ್ದೆ. ಸೆನ್ಸೇ ನನ್ನ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಬಿಡುತ್ತಿದ್ದರು. ಮೊದಲ ಎರಡು ತಿಂಗಳು ಬೆರಳ ತುದಿ ನೋಯುತ್ತದೆ. ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ, ತೋಳಿನ ಭಾರದಿಂದ ಒತ್ತಿ. ಬೆರಳಿನ ಶಕ್ತಿಯಿಂದಷ್ಟೇ ಒತ್ತಿದರೆ ಮಣಿಕಟ್ಟು ಹಾಳಾಗುತ್ತದೆ.

ಜಪಾನಿ ಲಿಪಿ ಬಾರದೆ ಸ್ವರಲಿಪಿ ಓದಬಹುದೆ?

ಹದಿಮೂರು ಅಕ್ಷರ ಕಲಿತರೆ ಸಾಕು. ಒಂದರಿಂದ ಹತ್ತರವರೆಗಿನ ಅಂಕಿಗಳು, ಆಮೇಲೆ ತೊ, ಇ, ಕಿನ್ ಎಂಬ ಮೂರು. ಬಹಳ ಹಿಂದೆ ಪ್ರತಿ ತಂತಿಗೂ ಹೆಸರಿತ್ತು. ಮೊದಲ ಐದಕ್ಕೆ ಕನ್‌ಫ್ಯೂಷಿಯಸ್ ಮತದ ಐದು ಗುಣಗಳ ಹೆಸರು: ಕರುಣೆ, ಅರಿವು, ವಿನಯ, ನ್ಯಾಯ, ವಿಶ್ವಾಸ. ಕಾಲ ಸರಿದಂತೆ ಅಂಕಿಗಳು ಬಂದವು, ಕೊನೆಯ ಮೂರಕ್ಕೆ ಮಾತ್ರ ಹಳೆಯ ಹೆಸರೇ ಉಳಿಯಿತು. ಇಕುತಾದಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ, ಬಲದಿಂದ ಎ‌ಡಕ್ಕೆ ಬರೆಯುತ್ತಾರೆ. ಬರೆದಿರುವುದು ತಂತಿಯ ಸಂಖ್ಯೆ, ಸ್ವರವಲ್ಲ. ಜಿಗಳನ್ನು ಬೇರೆ ಶ್ರುತಿಗೆ ನಿಲ್ಲಿಸಿದರೆ ಅದೇ ಪುಟ ಬೇರೆಯೇ ಆಗಿ ಕೇಳುತ್ತದೆ. ಪುಟದ ಮೊದಲಲ್ಲಿ ಯಾವ ಶ್ರುತಿ ಎಂದು ಬರೆದಿರುವುದನ್ನು ನೋಡದೆ ಶುರು ಮಾಡಬೇಡಿ.

ಬಾಯಿಯಲ್ಲಿ ಹೇಳುವ ಕ್ರಮವೂ ಇದೆ. ಮೃದಂಗಕ್ಕೆ ನಮ್ಮ ಸೊಲ್ಲುಕಟ್ಟು ಇದ್ದಂತೆ ಕೊಟೊಗೆ ತೊನ್, ತೇನ್, ಶಾನ್. ಅಕ್ಕಪಕ್ಕದ ಮೂರು ತಂತಿಗಳ ಮೇಲೆ ಹೆಬ್ಬೆರಳು ಇಳಿದರೆ ಕೊರೊರಿನ್. ರೈಲಿನಲ್ಲಿ ಕೂತು ಬಾಯಲ್ಲಿ ಹೇಳಿಕೊಂಡೇ ಅಭ್ಯಾಸ ಮಾಡಬಹುದು, ನಾನು ಹಾಗೆಯೇ ಮಾಡಿದ್ದೇನೆ.

ಮಂಡಿಯೂರಿಯೇ ಕೂರಬೇಕೆ?

ಬೇಕಿಲ್ಲ. ಸಂಪ್ರದಾಯದಂತೆ ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುತ್ತಾರೆ. ಆದರೆ ಇಂದು ಕಛೇರಿಗಳಲ್ಲೂ ಸ್ಟ್ಯಾಂಡಿನ ಮೇಲೆ ವಾದ್ಯವಿಟ್ಟು ಕುರ್ಚಿಯಲ್ಲಿ ಕೂತು ನುಡಿಸುವವರು ಬಹಳ ಜನ. ಮಂಡಿನೋವು ಇದ್ದರೆ ಮೊದಲ ದಿನವೇ ಗುರುಗಳಿಗೆ ಹೇಳಿ. ಚಕ್ಕಳಮಕ್ಕಳ ಹಾಕಿದರೆ ಮಾತ್ರ ಮೊಣಕಾಲು ವಾದ್ಯಕ್ಕೆ ತಾಗಿ ಕೈ ಎಟುಕುವುದಿಲ್ಲ.

ಎಷ್ಟು ದಿನದಲ್ಲಿ ಒಂದು ಹಾಡು ನುಡಿಸಬಹುದು?

ಚೆರ‍್ರಿ ಹೂವಿನ ಹಾಡು ‘ಸಕುರಾ’ ಎರಡು ಮೂರು ವಾರದಲ್ಲಿ ಬರುತ್ತದೆ. ಎಲ್ಲರೂ ಅದರಿಂದಲೇ ಶುರು ಮಾಡುವುದು. ನಿಜವಾದ ಗುರಿ ಎಂದರೆ ‘ರೊಕುದಾನ್’. ಯತ್ಸುಹಾಶಿ ಕೆಂಗ್ಯೊ (1614–1685) ರಚಿಸಿದ್ದು ಎಂಬುದು ಪರಂಪರೆಯ ನಂಬಿಕೆ. ದೃಷ್ಟಿಯಿಲ್ಲದ ಈ ಗುರು ಗಣ್ಯರ ಮನೆಗಳ, ದೇಗುಲಗಳ ವಾದ್ಯವಾಗಿದ್ದ ಕೊಟೊವನ್ನು ಊರಿನ ಜನರ ಕಿವಿಗೆ ಒಗ್ಗುವ ಸ್ವರಗಳಿಗೆ ಕೂಡಿಸಿ, ಅದರ ದಾರಿಯನ್ನೇ ಬದಲಿಸಿದರು. ರೊಕುದಾನ್ ಎಂದರೆ ಆರು ಭಾಗ. ಸಾಹಿತ್ಯವಿಲ್ಲ, ಬರೀ ವಾದನ. ಮೊದಲ ಭಾಗ ಮಾತ್ರ ತುಸು ಉದ್ದ, ಉಳಿದ ಐದರಲ್ಲಿ ತಲಾ 104 ಎಣಿಕೆ. ನಿಧಾನವಾಗಿ ಹೊರಟು, ಗೊತ್ತಾಗದಂತೆ ವೇಗ ಏರಿ, ಕೊನೆಯಲ್ಲಿ ಮತ್ತೆ ಇಳಿದು ನಿಲ್ಲುತ್ತದೆ. ಮೊದಲ ಸ್ವರದಲ್ಲೇ ಆ ಹಿಕಿ-ಇರೊ ಬರುತ್ತದೆ. ನಾನು ಮೊದಲ ಭಾಗಕ್ಕೆ ಆರು ತಿಂಗಳು, ಆರೂ ಭಾಗಕ್ಕೆ ಎರಡು ವರ್ಷ ತೆಗೆದುಕೊಂಡೆ. ಬೇಗ ಮುಗಿಸಿದವರೂ ಇದ್ದಾರೆ, ಅವಸರ ಮಾಡಬೇಡಿ.

ಇದರ ಜೊತೆಗೆ ಮಿಯಾಗಿ ಮಿಚಿಯೊ (1894–1956) ಅವರನ್ನು ಕೇಳಿ. ಎಂಟರ ವಯಸ್ಸಿನ ಹೊತ್ತಿಗೆ ಕಣ್ಣು ಕಳೆದುಕೊಂಡವರು, ಹದಿನಾಲ್ಕರಲ್ಲಿ ಮೊದಲ ಕೃತಿ ರಚಿಸಿದವರು. 1921ರಲ್ಲಿ ಮಂದ್ರಸ್ವರಗಳಿಗೆಂದೇ 17 ತಂತಿಯ ಕೊಟೊ ಮಾಡಿಸಿದರು. 1929ರ ಅವರ ‘ಹಾರು ನೊ ಉಮಿ’ ಕೊಟೊ ಮತ್ತು ಶಕುಹಾಚಿ ಕೊಳಲಿಗೆ ಬರೆದದ್ದು. ಇಂದಿಗೂ ಹೊಸ ವರ್ಷದ ದಿನಗಳಲ್ಲಿ ಜಪಾನಿನ ಅಂಗಡಿಗಳಲ್ಲೆಲ್ಲ ಅದೇ ಕೇಳುತ್ತದೆ. ಟೋಕಿಯೊದಲ್ಲಿರುವವರು ಶಿಂಜುಕು ವಾರ್ಡಿನ ಅವರ ಸ್ಮಾರಕ ಭವನಕ್ಕೆ ಹೋಗಿ ಬನ್ನಿ.

ಹಳೆಯ ಕೊಟೊ ಅಗ್ಗವಾಗಿ ಸಿಗುತ್ತಿದೆ, ಕೊಳ್ಳಬಹುದೆ?

ಜಪಾನಿನಲ್ಲಿ ಅಜ್ಜಿಯರ ಕಾಲದ ಕೊಟೊಗಳು ಅಟ್ಟದಲ್ಲಿ ಮಲಗಿವೆ, ಹಾಗಾಗಿ ಅಗ್ಗ. ಆದರೆ ಕಣ್ಣಾರೆ ನೋಡದೆ ಕೊಳ್ಳಬೇಡಿ. ನಾನು ಬರೀ ಚಿತ್ರ ನೋಡಿ 20,000 ಯೆನ್ ಕೊಟ್ಟು ತರಿಸಿದ್ದರ ಬಾಲದ ಕಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮಾರಿದವರು ಆ ಭಾಗವನ್ನು ಚಿತ್ರದಲ್ಲಿ ತೋರಿಸಿರಲಿಲ್ಲ. ಮುಂದೆ ಸೆನ್ಸೇ ಜೊತೆ ಹೋಗಿ ಇನ್ನೊಂದು ಕೊಂಡೆ. ಅವರು ಮೊದಲು ಮಾಡಿದ್ದು ವಾದ್ಯವನ್ನು ಮಗುಚಿ, ತಳದ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದ್ದು. ಒಳ್ಳೆಯ ಕೊಟೊದ ಒಳಮೈಯಲ್ಲಿ ಉಳಿಯಿಂದ ಕೆತ್ತಿದ ಓರೆ ಗೆರೆಗಳ ವಿನ್ಯಾಸ ಇರುತ್ತದೆ, ಅಭ್ಯಾಸದ ಕೊಟೊದಲ್ಲಿ ಇರುವುದಿಲ್ಲ.

ತಂತಿ ಸಡಿಲವಾಗಿದ್ದರೆ ಬಿಗಿಯುವ ಕೆಲಸ ನಿಮ್ಮದಲ್ಲ. ಕೊಟೊಗೆ ಬಿರಡೆಗಳಿಲ್ಲ, ತಂತಿಯನ್ನು ಎಳೆದು ಗಂಟು ಹಾಕುವುದಕ್ಕೆ ಕಸುಬುದಾರರೇ ಬೇಕು. ಹದಿಮೂರೂ ಬದಲಾಯಿಸಿದರೆ ಹಳೆಯ ವಾದ್ಯದ ಬೆಲೆಯಷ್ಟೇ ಆಗಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಈಗಿನ ತಂತಿ ಬಹುಪಾಲು ಪಾಲಿಯೆಸ್ಟರ್, ವರ್ಷಗಟ್ಟಲೆ ಬಾಳುತ್ತದೆ. ಬಾಲದ ಕಡೆ ಸುರುಳಿ ಸುತ್ತಿಟ್ಟಿರುವ ಹೆಚ್ಚುವರಿ ತಂತಿಯನ್ನು ಅಲಂಕಾರವೆಂದು ಕತ್ತರಿಸಬೇಡಿ. ತಂತಿ ಕಡಿದಾಗ ಎಳೆದುಕೊಳ್ಳಲು ಬೇಕಾಗುವುದು ಅದೇ.

ಭಾರತಕ್ಕೆ ತರಬಹುದೆ?

ತರಬಹುದು, ಆದರೆ ಮೂರು ಎಚ್ಚರಿಕೆ. ಹಳೆಯ ಕೊಟೊ ಜೊತೆ ಬರುವ ಜಿ ಮತ್ತು ಉಗುರು ದಂತದವಾಗಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ದಂತವನ್ನು ಗಡಿ ದಾಟಿಸುವುದು ಅಪರಾಧ, ಅದು ಯಾವ ಆನೆಯ ಬದುಕಿನ ಬೆಲೆ ಎಂಬುದನ್ನೂ ನೆನೆಯಿರಿ. ಇನ್ನೊಂದು, ದುಬಾರಿ ಕೊಟೊದ ಅಂಚಿಗೂ ಶಾಮಿಸೆನ್ನಿನ ಕುತ್ತಿಗೆಗೂ ಬಳಸುವ ‘ಕೋಕಿ’ ಎಂಬ ಕೆಂಪು ಮರ ನಮ್ಮ ದಕ್ಷಿಣ ಭಾರತದ ರಕ್ತಚಂದನವೇ. ಅದಕ್ಕೂ ಅಂತರರಾಷ್ಟ್ರೀಯ ನಿರ್ಬಂಧ ಇರುವುದರಿಂದ ಕಾಗದಪತ್ರ ವಿಚಾರಿಸಿಕೊಳ್ಳಿ. ಮೂರನೆಯದು ಉದ್ದ. ಆರಡಿಯ ಪೆಟ್ಟಿಗೆಯನ್ನು ಎಲ್ಲ ವಿಮಾನಗಳೂ ಒಪ್ಪುವುದಿಲ್ಲ. ಗಿಡ್ಡ ಕೊಟೊಗಳೂ ಇವೆ, ಅವುಗಳಲ್ಲಿ ತಿರುಪಿನಿಂದ ತಂತಿ ಬಿಗಿಯುವ ಬಗೆ ಇಲ್ಲಿರುವವರಿಗೆ ಅನುಕೂಲ, ಏಕೆಂದರೆ ಇಲ್ಲಿ ತಂತಿ ಕಟ್ಟಿಕೊಡುವ ಕಸುಬುದಾರರು ಪಕ್ಕದ ಬೀದಿಯಲ್ಲಿ ಸಿಗುವುದಿಲ್ಲ.

ಬೆಂಗಳೂರಿನ ಹವೆ ಪರವಾಗಿಲ್ಲ. ಜಪಾನಿನಲ್ಲೂ ಜೂನ್ ತಿಂಗಳು ಜಡಿಮಳೆಯ ಕಾಲವೇ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಜಿಗಳನ್ನು ತೆಗೆದು, ಬಟ್ಟೆ ಹೊದಿಸಿ, ಬಿಸಿಲು ಬೀಳದ ಗೋಡೆಯ ಬಳಿ ಇಡಿ. ಮಂಗಳೂರಿನ ಕಡೆಯವರು ಮಳೆಗಾಲದಲ್ಲಿ ಇನ್ನಷ್ಟು ಜೋಪಾನ ಮಾಡಬೇಕು.

ಗುರುಗಳ ಮನೆಯಲ್ಲಿ ನಡೆದುಕೊಳ್ಳುವುದು ಹೇಗೆ?

ನಮ್ಮ ಪಾಠದ ಮನೆಯ ಹಾಗೆಯೇ. ಸಮಯಕ್ಕೆ ಹೋಗಿ, ಬಾಗಿ ನಮಸ್ಕರಿಸಿ, ‘ಸೆನ್ಸೇ’ ಎಂದೇ ಕರೆಯಿರಿ. ತಿಂಗಳ ಶುಲ್ಕವನ್ನು ಹೊಸ ನೋಟಿನಲ್ಲಿ, ಅದಕ್ಕೆಂದೇ ಇರುವ ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಡಬೇಕು. ವಾದ್ಯವನ್ನು ದಾಟಬೇಡಿ. ಕಂಪ್ಯೂಟರಿನ ಮುಂದೆ ಕೂತು ಕಲಿಯುವವರು ಕ್ಯಾಮೆರಾವನ್ನು ಮುಖಕ್ಕಲ್ಲ, ಎಡಗೈ ಮತ್ತು ಜಿಗಳು ಕಾಣುವಂತೆ ಮೇಲಿನಿಂದ ಇಡಿ. ಆದರೆ ಒತ್ತುವ ಬಲವನ್ನು ಪರದೆ ಕಲಿಸಲಾರದು. ವರ್ಷಕ್ಕೊಮ್ಮೆಯಾದರೂ ಗುರುಗಳ ಎದುರು ಕೂರುವ ದಾರಿ ಹುಡುಕಿಕೊಳ್ಳಿ.

ಕೊಟೊದಲ್ಲಿ ನಮ್ಮ ರಾಗಗಳನ್ನು ನುಡಿಸಬಹುದೆ?

ಐದು ಸ್ವರದ ರಾಗಗಳನ್ನು ನುಡಿಸಬಹುದು. ತೋಡಿ, ಭೈರವಿಗಳ ಆಸೆ ಬಿಡಿ. ಒಂದೇ ಮೆಟ್ಟಿಲ ಮೇಲೆ ನಾಲ್ಕು ಸ್ವರ ಎಳೆಯುವ ವೀಣೆಯ ಕೆಲಸ ಈ ತಂತಿಗೆ ಆಗದು. ಮೋಹನ ಚೆನ್ನಾಗಿ ಕೂರುತ್ತದೆ. ಹಿರಾಜೋಶಿಯಿಂದ ಮೋಹನಕ್ಕೆ ಹೋಗಲು ಏಳು ಜಿಗಳನ್ನು ಸರಿಸಿದರೆ ಸಾಕು. ಎರಡು, ಏಳು ಮತ್ತು ಇ ತಂತಿಗಳ ಮಧ್ಯಮವನ್ನು ತುಸು ಎಡಕ್ಕೆ ತಂದು ಅಂತರ ಗಾಂಧಾರ ಮಾಡಿ. ನಾಲ್ಕು, ಆರು, ಒಂಬತ್ತು ಮತ್ತು ತೊ ತಂತಿಗಳನ್ನು ಬಲಕ್ಕೆ ತಂದು ಚತುಶ್ರುತಿ ಧೈವತ, ರಿಷಭ ಮಾಡಿ. ಉಳಿದ ಆರನ್ನು ಮುಟ್ಟಬೇಡಿ. ಕಳೆದ ನವರಾತ್ರಿಯಲ್ಲಿ ಬೊಂಬೆಗಳ ಮುಂದೆ ನಾನು ಹೀಗೆಯೇ ಕೂಡಿಸಿ, ಮಕ್ಕಳು ಮೊದಲ ವರ್ಷ ಕಲಿಯುವ ಗೀತೆಯೊಂದನ್ನು ನುಡಿಸಿದೆ. ಒಂಬತ್ತು ವರ್ಷದ ನನ್ನ ಅಕ್ಕನ ಮಗಳು ಪಕ್ಕದಲ್ಲಿ ಕೂತು ಹಾಡಿದಳು. ಮುಗಿದ ಮೇಲೆ ಜಿಗಳನ್ನು ಹಿರಾಜೋಶಿಗೆ ಮರಳಿಸುವಾಗ ಅವಳೂ ಕೈಹಚ್ಚಿದಳು. ಕಿನ್ ತಂತಿಯ ಜಿ ಜಾರಿ ಬಿತ್ತು. ‘ಎತ್ತಿ ನಿಲ್ಲಿಸು ಪುಟ್ಟಿ’ ಎಂದೆ.